ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಇಎಲ್‌ಟಿ ಆ್ಯಂಟೆನಾ: ಜಾಗ ಹುಡುಕುವುದರಿಂದ ಪರೀಕ್ಷೆಯವರೆಗೆ

ಇಎಲ್‌ಟಿ ಅಂದರೆ ಎಮರ್ಜೆನ್ಸಿ ಲೊಕೇಟರ್ ಟ್ರಾನ್ಸ್‌ಮಿಟರ್, ವಿಮಾನ ಬಿದ್ದಾಗ ತಾನೇ ಚಾಲೂ ಆಗಿ ತುರ್ತು ಸಂಕೇತ ಕಳಿಸುವ ಯಂತ್ರ. ಸ್ವಂತ ವಿಮಾನ ಕಟ್ಟುವವರಿಗೆ ಅದು ನೆನಪಾಗುವುದು ಸಾಮಾನ್ಯವಾಗಿ ಕೊನೆಗೆ. ಎಂಜಿನ್ ಕೂತಿರುತ್ತದೆ, ಪ್ಯಾನೆಲ್ ಮುಗಿದಿರುತ್ತದೆ, ಎಷ್ಟೋ ಸಲ ಬಣ್ಣವೂ ಬಿದ್ದಿರುತ್ತದೆ. ಆಗ ಪ್ಯಾಕೆಟ್ ಬಿಚ್ಚಿದರೆ ಒಳಗೆ ಗಾಢ ಬಣ್ಣದ ಒಂದು ಡಬ್ಬಿ, ಒಂದು ಕೇಬಲ್, ಒಂದು ಉದ್ದನೆಯ ಕಡ್ಡಿ. ಆ ಕಡ್ಡಿಯೇ ಆ್ಯಂಟೆನಾ. ಡಬ್ಬಿಗೆ ಸೀಟಿನ ಹಿಂದೆ ಎಲ್ಲೋ ಜಾಗ ಸಿಗುತ್ತದೆ. ತಲೆನೋವು ಕಡ್ಡಿಯದ್ದು. ಬೆನ್ನ ಮೇಲೆ ನಿಲ್ಲಿಸಿದರೆ ಚೆಂದ ಕೆಡುತ್ತದೆ, ಗಾಳಿಯ ಎಳೆತ ಒಂದಿಷ್ಟು ಹೆಚ್ಚುತ್ತದೆ. ಹೊಸ ಬಣ್ಣಕ್ಕೆ ತೂತು ಕೊರೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ಅದು ಸುಮ್ನೆ ಬಾಲದೊಳಗೆ ಎಲ್ಲೋ ಮಲಗಿಬಿಡುತ್ತದೆ.

ಆದರೆ ಕೆಲಸ ಕೆಡುವುದು ಅಲ್ಲೇ. ಡಬ್ಬಿ ಎಷ್ಟೇ ದುಬಾರಿಯದ್ದಾಗಿರಲಿ, ಅದರ ಕೂಗು ಹೊರಗೆ ಹೋಗುವುದು ಆ ಕಡ್ಡಿಯಿಂದ ಮಾತ್ರ. 2010ರ ಆಗಸ್ಟ್ 9ರಂದು ಅಲಾಸ್ಕಾದ ಬೆಟ್ಟವೊಂದಕ್ಕೆ ಒಂದು ಆಟರ್ ವಿಮಾನ ಬಡಿಯಿತು. ಅದರಲ್ಲಿ ಅಮೆರಿಕದ ಮಾಜಿ ಸೆನೆಟರ್ ಟೆಡ್ ಸ್ಟೀವನ್ಸ್ ಇದ್ದರು. 9 ಜನರಲ್ಲಿ ಅವರೂ ಸೇರಿ 5 ಜನ ಸತ್ತರು, 4 ಜನ ಗಾಯಗೊಂಡು ಬದುಕಿದ್ದರು. ಏಟಿಗೆ ಇಎಲ್‌ಟಿ ಚಾಲೂ ಆಗಿತ್ತು. ಆದರೆ ಡಬ್ಬಿ ತನ್ನ ತಟ್ಟೆಯಿಂದ ಕಿತ್ತು ಹೋಗಿ, ಆ್ಯಂಟೆನಾ ಜೊತೆಗಿನ ನಂಟು ತಪ್ಪಿತ್ತು. ಸಂಕೇತ ಯಾರಿಗೂ ಮುಟ್ಟಲಿಲ್ಲ. ಬರಬೇಕಾದವರು ಬರಲಿಲ್ಲವೆಂದು ಹುಡುಕಿ ಹೊರಟವರಿಗೇ ವಿಮಾನ ಕಣ್ಣಿಗೆ ಬಿದ್ದದ್ದು. ಡಬ್ಬಿ, ಕೇಬಲ್, ಆ್ಯಂಟೆನಾ ಮೂರನ್ನೂ ಒಂದೇ ಸಾಮಾನು ಎಂದುಕೊಂಡು ಕೂರಿಸಿ ಅಂತ ನಾನು ಹೇಳುವುದು ಇದಕ್ಕೇ. ಇಲ್ಲಿನ ಒಂದೊಂದು ಹಂತವೂ ಆ ಮಾತಿನ ಮೇಲೇ ನಿಂತಿದೆ.

ಶುರುವಿಗೇ ಇನ್ನೊಂದು ಮಾತು. ನಿಮ್ಮ ಇಎಲ್‌ಟಿ ಜೊತೆ ಬಂದ ಇನ್‌ಸ್ಟಾಲೇಶನ್ ಮ್ಯಾನುಯಲ್ ಮತ್ತು ನಿಮ್ಮ ದೇಶದ ವಿಮಾನಯಾನ ನಿಯಮ, ಇವೆರಡರ ಮಾತೇ ಕೊನೆ. ಇಲ್ಲಿರುವ ಯಾವುದಾದರೂ ಅಳತೆ ಅದಕ್ಕೆ ಹೊಂದದಿದ್ದರೆ ಮ್ಯಾನುಯಲ್ ಹಿಡಿಯಿರಿ.

ಕಡ್ಡಿ ಏನು ಮಾಡುತ್ತದೆ

ಈಗಿನ ಇಎಲ್‌ಟಿ ಎರಡು ಕೆಲಸ ಮಾಡುತ್ತದೆ. 406 ಮೆಗಾಹರ್ಟ್ಸ್‌ನಲ್ಲಿ ಸುಮಾರು 50 ಸೆಕೆಂಡಿಗೊಮ್ಮೆ, ಅರ್ಧ ಸೆಕೆಂಡಿನಷ್ಟು ಹೊತ್ತು, 5 ವ್ಯಾಟ್ ಶಕ್ತಿಯ ಒಂದು ಡಿಜಿಟಲ್ ಸಂದೇಶ ಕಳಿಸುತ್ತದೆ. ಅದು ತುರ್ತು ಸಂಕೇತ ಹಿಡಿಯುವ ಅಂತರರಾಷ್ಟ್ರೀಯ ವ್ಯವಸ್ಥೆಯಾದ ಕೋಸ್ಪಾಸ್-ಸಾರ್ಸ್ಯಾಟ್‌ನ ಉಪಗ್ರಹಗಳಿಗೆ. 121.5 ಮೆಗಾಹರ್ಟ್ಸ್‌ನಲ್ಲಿ ಬಿಡದೆ ಕೂಗುತ್ತಿರುತ್ತದೆ. ಅದರ ಶಕ್ತಿ ತೀರಾ ಕಡಿಮೆ, ಒಂದು ವ್ಯಾಟ್‌ನ ಹತ್ತನೇ ಒಂದು ಭಾಗದ ಆಸುಪಾಸು. 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಈ 121.5ಕ್ಕೆ ಕಿವಿ ಕೊಡುವುದಿಲ್ಲ. ಆದರೂ ಹತ್ತಿರ ಬಂದ ಹುಡುಕುವ ತಂಡ ಕೊನೆಯ ಒಂದೆರಡು ಕಿಲೋಮೀಟರ್ ದಾರಿ ಹಿಡಿಯುವುದು ಇದೇ ದನಿಯನ್ನು ಹಿಂಬಾಲಿಸಿ.

ಹಾಗಾಗಿ ಒಂದೇ ಕಡ್ಡಿ ಎರಡೂ ಕಡೆ ಸಲ್ಲಬೇಕು. ಲೆಕ್ಕ ನೋಡಿ: ಕಾಲು ತರಂಗದ ಉದ್ದ 121.5ಕ್ಕೆ ಸುಮಾರು 62 ಸೆಂ.ಮೀ., 406ಕ್ಕೆ ಸುಮಾರು 18.5 ಸೆಂ.ಮೀ. ಈ ಎರಡು ಅಂಕಿಗಳನ್ನು ನೆನಪಿಡಿ, ಗ್ರೌಂಡ್ ಪ್ಲೇನ್, ಅಂದರೆ ಕಡ್ಡಿಯ ಬುಡದ ಲೋಹದ ಹಾಸು ಮಾಡುವಾಗ ಮತ್ತೆ ಬರುತ್ತವೆ. ಹಳೆಯ 121.5 ಕಾಲದ ಆ್ಯಂಟೆನಾ ಮನೆಯಲ್ಲಿ ಬಿದ್ದಿದೆ, ಹಾಳಾಗಿಲ್ಲ, ಅದನ್ನೇ ಹಾಕೋಣ ಅನ್ನಬೇಡಿ. ಅದು 406ಕ್ಕೆ ಮಾಡಿದ್ದಲ್ಲ. ಡಬ್ಬಿಯ ಜೊತೆ ಅನುಮೋದನೆ ಪಡೆದ ಆ್ಯಂಟೆನಾವನ್ನೇ ಹಾಕಿ. ಮೆಲ್ಲಗೆ ಹಾರುವ ವಿಮಾನಕ್ಕೆ ಬಾಗುವ ತಂತಿಯಂಥ ವಿಪ್ ಸಾಕು. ವೇಗದ ವಿಮಾನಕ್ಕೆ ಗಟ್ಟಿ ರಾಡ್ ಅಥವಾ ಬ್ಲೇಡ್ ಬೇಕು. ನಿಮ್ಮ ವಿಮಾನ ಮೀರಲೇಬಾರದ ವೇಗ ಎಷ್ಟೋ, ಆ್ಯಂಟೆನಾದ ಮಿತಿ ಅದಕ್ಕಿಂತ ಮೇಲಿರಬೇಕು.

ಮೊದಲ ಹಂತ: ಜಾಗ

ಅರ್ಧ ಕೆಲಸ ಇದೇ. ಪೆನ್ಸಿಲ್ ಹಿಡಿದು ಫ್ಯೂಸೆಲಾಜಿನ, ಅಂದರೆ ವಿಮಾನದ ಒಡಲಿನ ಸುತ್ತ ಒಂದು ಸುತ್ತು ಬನ್ನಿ. ಬೇಕಾದದ್ದು ಇಷ್ಟು: ಆಕಾಶ ಕಾಣಬೇಕು, ಕಡ್ಡಿ ನೆಟ್ಟಗೆ ನಿಲ್ಲಬೇಕು, ಅಪಘಾತದಲ್ಲಿ ಕೊನೆಗೆ ಮುರಿಯುವ ಭಾಗದ ಮೇಲೆ ಇರಬೇಕು, ಡಬ್ಬಿಗೆ ಹತ್ತಿರವಿರಬೇಕು.

ಇವೆಲ್ಲ ಒಟ್ಟಿಗೆ ಸಿಗುವ ಜಾಗ ಹೆಚ್ಚಿನ ಸಣ್ಣ ವಿಮಾನಗಳಲ್ಲಿ ಒಂದೇ. ಕ್ಯಾಬಿನ್ ಹಿಂದೆ, ಲಂಬ ಬಾಲಕ್ಕಿಂತ ಮುಂದೆ, ಫ್ಯೂಸೆಲಾಜಿನ ಬೆನ್ನಿನ ನಡುಗೆರೆಯ ಮೇಲೆ. ಮೂಗು ಮೊದಲು ಏಟು ತಿನ್ನುತ್ತದೆ, ರೆಕ್ಕೆ ಕಿತ್ತು ಹೋಗಬಹುದು, ಬಾಲದ ತುದಿ ಮರಕ್ಕೆ ಸಿಕ್ಕಿ ಮುರಿಯಬಹುದು. ಕ್ಯಾಬಿನ್‌ಗೆ ತಗುಲಿಕೊಂಡ ಹಿಂಭಾಗ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ.

‘ವಿಮಾನ ತಲೆಕೆಳಗಾಗಿ ಮಗುಚಿದರೆ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ, ಬಾಲಚಕ್ರದ ವಿಮಾನಗಳು ಮಗುಚುವುದು ಅಪರೂಪವಲ್ಲ. ಬೆನ್ನ ಮೇಲಿನ ಕಡ್ಡಿ ಆಗ ನೆಲದಡಿ ಸಿಕ್ಕಿಕೊಳ್ಳುತ್ತದೆ. ಹಾಗಂತ ಹೊಟ್ಟೆಯ ಕೆಳಗೆ ಹಾಕಿದರೆ ಮಗುಚದ ಅಪಘಾತಗಳಲ್ಲೆಲ್ಲ ಅದೇ ಕತೆ. ಎಲ್ಲ ಅಪಘಾತಕ್ಕೂ ಒಗ್ಗುವ ಜಾಗ ಅಂತ ಒಂದಿಲ್ಲ. ಬಾಗಿದರೂ ಮುರಿಯದ ವಿಪ್ ಇಲ್ಲಿ ಗಟ್ಟಿ ರಾಡ್‌ಗಿಂತ ಸ್ವಲ್ಪ ವಾಸಿ. ಜೇಬಿನಲ್ಲಿ ಒಂದು ಪಿಎಲ್‌ಬಿ, ಅಂದರೆ ಕೈಯಲ್ಲಿ ಹಿಡಿಯುವಷ್ಟು ಸಣ್ಣ ಬೀಕನ್ ಇದ್ದರೆ ಇನ್ನೂ ವಾಸಿ.

ಕಡ್ಡಿ ಲಂಬವಾಗಿರಬೇಕು ಎಂದಾಗ ಹಾರಾಟದಲ್ಲಿ ಲಂಬ ಎಂದರ್ಥ, ಬಾಲ ನೆಲಕ್ಕೆ ಊರಿ ನಿಂತಾಗ ಅಲ್ಲ. ಎಷ್ಟು ಡಿಗ್ರಿ ಓರೆ ಆಗಬಹುದು ಅನ್ನುವುದನ್ನು ಮ್ಯಾನುಯಲ್ ಹೇಳುತ್ತದೆ. ತಯಾರಕರೇ ಓರೆಯಾಗಿ ರೂಪಿಸಿದ ವಿಪ್‌ಗಳೂ ಇವೆ, ಅವುಗಳ ಮಾತು ಬೇರೆ. ಆದರೆ ನೆಟ್ಟಗಿನ ಕಡ್ಡಿಯನ್ನು ರೋಲ್ ಬಾರ್ ಸುತ್ತ ಬಗ್ಗಿಸಿ ಕಟ್ಟುವುದು, ಬಾಲದ ಫೇರಿಂಗ್ (ಗಾಳಿ ಸಲೀಸಾಗಿ ಜಾರಲು ಹಾಕುವ ಮುಚ್ಚು) ಒಳಗೆ ಅಡ್ಡ ಮಲಗಿಸುವುದು, ಸಾಮಾನಿನ ಗೂಡಿನ ಹಿಂದೆ ಲೋಹದ ಗೋಡೆಗೆ ಒತ್ತಿ ನಿಲ್ಲಿಸುವುದು, ಇವು ಮಾತ್ರ ಬೇಡ. ಪಕ್ಕದಲ್ಲಿ ಲೋಹ ಬಂದ ಕೂಡಲೇ ಆ್ಯಂಟೆನಾದ ಶ್ರುತಿ ತಪ್ಪುತ್ತದೆ. ಎಳೆತದ ಚಿಂತೆ ಇದ್ದರೆ ಚಕ್ರಗಳ ಫೇರಿಂಗ್ ಸರಿಪಡಿಸಿ, ಅಲ್ಲಿ ಉಳಿಯುವುದು ಜಾಸ್ತಿ.

ಬೇರೆ ಆ್ಯಂಟೆನಾಗಳಿಂದಲೂ ದೂರ ಬೇಕು. ವಿಎಚ್‌ಎಫ್ ರೇಡಿಯೋ ಆ್ಯಂಟೆನಾದಿಂದ ಮುಕ್ಕಾಲು ಮೀಟರಿಗಿಂತ ಹತ್ತಿರ ತರಬೇಡಿ, ಜಾಗವಿದ್ದರೆ ಇನ್ನೂ ದೂರ. ಜಿಪಿಎಸ್ ಆ್ಯಂಟೆನಾದಿಂದಲೂ ಆದಷ್ಟು ದೂರ. ಯಾಕೆ ಅನ್ನುವುದು ಕೊನೆಯ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಜಾಗ ಗುರುತು ಹಾಕಿದ ಮೇಲೆ ಒಳಗೆ ತಲೆ ತೂರಿಸಿ ನೋಡಿ. ಕೆಳಗೆ ನಿಯಂತ್ರಣದ ಕೇಬಲ್ ಅಥವಾ ಪುಶ್‌ರಾಡ್ ಓಡುತ್ತಿದೆಯೇ? ನಟ್ ಬಿಗಿಯಲು ಕೈ ಹೋಗುತ್ತದೆಯೇ? ಮುಂದೆ ವರ್ಷ ವರ್ಷ ಆ ಕನೆಕ್ಟರ್ ನೋಡಬೇಕಲ್ಲ, ಆಗಲೂ ಕೈ ಹೋಗಬೇಕು.

ಎರಡನೇ ಹಂತ: ಹೊದಿಕೆಗೆ ತಕ್ಕ ಗ್ರೌಂಡ್ ಪ್ಲೇನ್

ಕಾಲು ತರಂಗದ ಕಡ್ಡಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಬುಡದಲ್ಲಿ ಲೋಹದ ಹಾಸು ಬೇಕು. ಆ ಹಾಸೇ ಆ್ಯಂಟೆನಾದ ಇನ್ನರ್ಧ. ಇಲ್ಲಿ ನಿಮ್ಮ ವಿಮಾನ ಯಾವುದರಿಂದ ಆಗಿದೆ ಅನ್ನುವುದರ ಮೇಲೆ ದಾರಿ ಕವಲೊಡೆಯುತ್ತದೆ.

ಅಲ್ಯೂಮಿನಿಯಂ ತಗಡಿನ ವಿಮಾನವಾದರೆ ನಿಮ್ಮ ಅದೃಷ್ಟ. ಹೊದಿಕೆಯೇ ಹಾಸು. ಮುಂದಿನ ಹಂತಕ್ಕೆ ಹೋಗಿ.

ಉಕ್ಕಿನ ಕೊಳವೆಯ ಚೌಕಟ್ಟಿಗೆ ಬಟ್ಟೆ ಹೊದಿಸಿದ ವಿಮಾನವಾದರೆ, ಬೆನ್ನಿನ ಎರಡು ಕೊಳವೆಗಳ ನಡುವೆ ಒಂದು ಅಲ್ಯೂಮಿನಿಯಂ ತಟ್ಟೆ ಕೂರಿಸಿ. ಕೊಳವೆಗೆ ತೂತು ಕೊರೆಯಬೇಡಿ, ಬಲವೆಲ್ಲ ಅದರಲ್ಲೇ ಇರುವುದು. ಪಿ-ಕ್ಲ್ಯಾಂಪ್ ಹಾಕಿ. ತಟ್ಟೆಯಿಂದ ಚೌಕಟ್ಟಿಗೆ ಒಂದು ಬಾಂಡಿಂಗ್ ಪಟ್ಟಿ ಕೊಡಿ. ಅದು ತಗಲುವ ಕಡೆ ಬಣ್ಣ ಕೆರೆದು ಬರಿ ಲೋಹ ಕಾಣಿಸಿ, ಬಿಗಿದ ಮೇಲೆ ಸುತ್ತ ಮತ್ತೆ ಬಣ್ಣ ಹಚ್ಚಿ. ಇಲ್ಲದಿದ್ದರೆ ಬಟ್ಟೆಯಡಿ ತುಕ್ಕು ಹಿಡಿದದ್ದು ಗೊತ್ತೇ ಆಗುವುದಿಲ್ಲ.

ಗ್ಲಾಸ್ ಫೈಬರ್ ಮತ್ತು ಮರದ ವಿಮಾನಕ್ಕೆ ಹಾಸನ್ನು ಕೈಯಾರೆ ಮಾಡಬೇಕು. 406ಕ್ಕೆ ಬುಡದಿಂದ ಸುತ್ತಲೂ 18.5 ಸೆಂ.ಮೀ. ಇದ್ದರೆ ಸಾಕು, ಅಂದರೆ 40 ಸೆಂ.ಮೀ. ಅಡ್ಡಗಲದ ಒಂದು ತೆಳು ತಟ್ಟೆ. ಅಷ್ಟು ದೊಡ್ಡ ತಟ್ಟೆ ಬಾಲದ ಬಾಗಿಗೆ ಕೂರದಿದ್ದರೆ ತಾಮ್ರದ ಜಾಲರಿ ಹಾಕಬಹುದು. 121.5ಕ್ಕೆ 60 ಸೆಂ.ಮೀ.ನಷ್ಟಾದರೂ ಬೇಕು. ಅದಕ್ಕೆ ಪೂರ್ತಿ ತಟ್ಟೆ ಬೇಡ. ನಡುವಿನಿಂದ ಕಿರಣಗಳ ಹಾಗೆ ಹೊರಟ ಕನಿಷ್ಠ 4 ಪಟ್ಟಿಗಳು, ತಲಾ 60 ಸೆಂ.ಮೀ. ಉದ್ದ, ಸುಮಾರು 5 ಸೆಂ.ಮೀ. ಅಗಲ. ಎರಡು ಪಟ್ಟಿ ಬೆನ್ನುದ್ದ ಹಿಂದೆ ಮುಂದೆ, ಎರಡು ಪಕ್ಕಗಳ ಬಾಗು ಹಿಡಿದು ಕೆಳಕ್ಕೆ. ಪಕ್ಕದವು ಕೆಳಗೆ ಬಾಗಿದರೆ ತೊಂದರೆ ಇಲ್ಲ. ಎಂಟು ಪಟ್ಟಿ ಹಾಕುವಷ್ಟು ಜಾಗವಿದ್ದರೆ ಹಾಕಿ.

ಪಟ್ಟಿಗೆ ಅಂಟಿನ ಟೇಪ್ ತಂದಿರುತ್ತೀರಿ. ಇಲ್ಲೊಂದು ಸೂಕ್ಷ್ಮ ಇದೆ. ಟೇಪಿನ ಮೇಲೆ ಟೇಪ್ ಅಂಟಿಸಿದರೆ ನಡುವಿನ ಅಂಟು ವಿದ್ಯುತ್ ಹರಿಸುತ್ತದೆ ಎಂಬ ಖಾತ್ರಿ ಇಲ್ಲ. ಕಣ್ಣಿಗೆ ಒಂದೇ ಹಾಸಿನಂತೆ ಕಾಣುತ್ತದೆ, ಮೀಟರ್ ಹಿಡಿದರೆ ಬಿಡಿ ಬಿಡಿ. ತಾಮ್ರದ ಟೇಪಾದರೆ ಕೀಲುಗಳಿಗೆ ಬೆಸುಗೆ ಹಾಕಿ. ಅಲ್ಯೂಮಿನಿಯಂ ಟೇಪಿಗೆ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ. ತುದಿ ಮಡಚಿ, ನಡುತಟ್ಟೆಯ ಅಡಿ ಸಿಕ್ಕಿಸಿ, ಸ್ಕ್ರೂನಿಂದ ಒತ್ತಬೇಕು. ತಾಮ್ರ, ಅಲ್ಯೂಮಿನಿಯಂ ಎರಡನ್ನೂ ನೇರವಾಗಿ ಒಂದಕ್ಕೊಂದು ತಾಗಿಸಬೇಡಿ. ತೇವ ಸೇರಿದರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ನಡುವೆ ತವರ ಲೇಪಿಸಿದ ವಾಷರ್ ಇರಲಿ.

ಗ್ಲಾಸ್ ಫೈಬರ್ ರೇಡಿಯೋ ಅಲೆಗಳನ್ನು ತಡೆಯುವುದಿಲ್ಲ. ಹಾಗಾಗಿ ಆ್ಯಂಟೆನಾ ಒಳಗೇ ಇರಲಿ ಅನ್ನುವುದು ಇಲ್ಲಿ ತೀರಾ ತಪ್ಪಲ್ಲ, ಮ್ಯಾನುಯಲ್ ಒಪ್ಪಿದರೆ. ಆದರೆ ಕಡ್ಡಿ ನೆಟ್ಟಗೆ ನಿಲ್ಲುವಷ್ಟು ಎತ್ತರ ಬಾಲದೊಳಗೆ ಇರುವುದು ಕಡಿಮೆ. ಇದ್ದರೂ ಪಕ್ಕದಲ್ಲಿ ಲೋಹದ ಪುಶ್‌ರಾಡ್, ವೈರಿನ ಕಟ್ಟು ಇರಬಾರದು. ಹೊರಗೆ ಲೋಹದ ಪುಡಿ ಬೆರೆತ ಬೆಳ್ಳಿ ಬಣ್ಣ ಬಳಿದಿರಬಾರದು. ಗ್ಲಾಸ್ ಫೈಬರಿನ ಲಂಬ ಬಾಲದೊಳಗೆ ಹಾಕುವವರೂ ಇದ್ದಾರೆ. ಅಲ್ಲಿ ಎತ್ತರ ಸಿಗುತ್ತದೆ, ನಿಜ. ಆದರೆ ಡಬ್ಬಿಯಿಂದ ದೂರ, ಮೇಲಾಗಿ ಬಾಲ ಮುರಿದರೆ ಆ್ಯಂಟೆನಾ ಅದರ ಜೊತೆಗೇ ಹೋಯಿತು. ನನಗೆ ಆ ಜಾಗ ಒಪ್ಪಿಗೆಯಿಲ್ಲ.

ಕಾರ್ಬನ್ ಫೈಬರ್ ವಿಷಯದಲ್ಲಿ ಚರ್ಚೆಯೇ ಬೇಡ. ಅದು ವಿದ್ಯುತ್ ಹರಿಸುತ್ತದೆ, ಅಲೆಗಳನ್ನು ಒಳಗೇ ಕಟ್ಟಿಹಾಕುತ್ತದೆ. ಆ್ಯಂಟೆನಾ ಹೊರಗೇ ಬರಬೇಕು. ಹಾಗಂತ ಕಾರ್ಬನ್ನೇ ಒಳ್ಳೆಯ ಹಾಸು ಅಂತಲೂ ನಂಬಬೇಡಿ, ಮೇಲೆ ರೆಸಿನ್ ಇರುವುದರಿಂದ ಬುಡಕ್ಕೆ ಸರಿಯಾದ ಸಂಪರ್ಕ ಸಿಗುವುದಿಲ್ಲ. ಒಳಗಿನಿಂದ ತಾಮ್ರದ ಜಾಲರಿ ಹಾಕಿ. ಕಾರ್ಬನ್‌ಗೆ ಅಲ್ಯೂಮಿನಿಯಂ ನೇರ ತಗುಲಿದರೂ ಸವೆತ ಶುರುವಾಗುತ್ತದೆ. ನಡುವೆ ಒಂದು ಪದರ ಗ್ಲಾಸ್ ಬಟ್ಟೆ ಬೇಕು.

ಮೂರನೇ ಹಂತ: ತೂತು, ಡಬ್ಲರ್, ಬುಡ

ಮನೆಯಲ್ಲಿ ಕಟ್ಟುವ ಲೋಹದ ವಿಮಾನಗಳ ಬೆನ್ನ ತಗಡು ತೀರಾ ತೆಳು. ಅದಕ್ಕೇ ನೇರವಾಗಿ ಕಡ್ಡಿ ಬಿಗಿದರೆ ಹಾರಾಟದ ನಡುಕಕ್ಕೆ ತಗಡು ಡಬಡಬ ಬಡಿದುಕೊಂಡು ಕೊನೆಗೆ ತೂತಿನ ಅಂಚಿನಲ್ಲಿ ಬಿರುಕು ಬಿಡುತ್ತದೆ. ಒಳಗಿನಿಂದ ಒಂದು ಡಬ್ಲರ್, ಅಂದರೆ ತಗಡಿಗೆ ಬಲ ಕೊಡುವ ಇನ್ನೊಂದು ತುಂಡು ಕೊಡಿ. 1 ಮಿ.ಮೀ. ದಪ್ಪದ 2024-ಟಿ3 ಅಲ್ಯೂಮಿನಿಯಂ, ಮೂಲೆಗಳನ್ನು ದುಂಡಗೆ ಮಾಡಿದ್ದು. ಅಂಗೈ ಅಗಲದ ತುಂಡನ್ನು ತಗಡಿನ ನಡುವೆ ತೇಲಿಬಿಡುವುದಕ್ಕಿಂತ, ಎರಡು ಬದಿಯ ಸ್ಟ್ರಿಂಗರ್ ಅಥವಾ ಫ್ರೇಮ್ ಮುಟ್ಟುವಷ್ಟು ಉದ್ದ ಮಾಡಿ ಅವಕ್ಕೇ ರಿವೆಟ್ ಹೊಡೆಯುವುದು ಒಳ್ಳೆಯದು. ಆಗ ಏಟಿನ ಭಾರ ತಗಡಿನ ಬದಲು ಅಸ್ಥಿಪಂಜರಕ್ಕೆ ಹೋಗುತ್ತದೆ.

ತೂತಿನ ಅಳತೆಗೆ ಆ್ಯಂಟೆನಾ ಜೊತೆ ಬಂದ ಟೆಂಪ್ಲೇಟ್ ಹಿಡಿಯಿರಿ. ಮೊದಲು ಸಣ್ಣ ಪೈಲಟ್ ತೂತು, ಆಮೇಲೆ ಸ್ಟೆಪ್ ಡ್ರಿಲ್. ತೂತಿನ ಅಂಚನ್ನು ಬೆರಳಿಗೆ ನಯವಾಗಿ ಹತ್ತುವ ತನಕ ಉಜ್ಜಿ. ಕೆಳಗೆ ಮೊದಲೇ ಒಂದು ಬಟ್ಟೆ ಹಾಸಿರಿ, ಅಲ್ಯೂಮಿನಿಯಂ ಚೂರು ಬಾಲದೊಳಗೆ ಬಿದ್ದರೆ ಹುಡುಕುವುದು ಕಷ್ಟ.

ಈಗ ಬುಡ ಕೂರುವ ಜಾಗದ ಬಣ್ಣ, ಪ್ರೈಮರ್ ಎಲ್ಲ ತೆಗೆಯಬೇಕು. ಆ್ಯಂಟೆನಾ ಬುಡ ಹೊರಗಿನಿಂದ ಹಾಸಿಗೆ ತಗಲುತ್ತದೆಯೋ, ಒಳಗಿನ ನಟ್ ಮೂಲಕ ತಗಲುತ್ತದೆಯೋ ನೋಡಿ. ಕೆಲವು ಮಾದರಿಗಳಲ್ಲಿ ಹೊರಗೆ ರಬ್ಬರ್ ಗ್ಯಾಸ್ಕೆಟ್ ಇರುತ್ತದೆ, ಅವುಗಳ ಸಂಪರ್ಕ ಒಳಗಡೆಯೇ. ಎಲ್ಲಿ ಲೋಹಕ್ಕೆ ಲೋಹ ಸೇರಬೇಕೋ ಅಲ್ಲಿ ನುಣುಪಾದ ಸ್ಕ್ರಬ್ ಪ್ಯಾಡಿನಿಂದ ಹೊಳಪು ಬರುವಂತೆ ತಿಕ್ಕಿ. ಆಮೇಲೆ ಅಲೋಡೈನ್‌ನಂಥ ಲೇಪ ಕೊಡಿ. ಅದು ಸವೆತ ತಡೆಯುತ್ತದೆ, ವಿದ್ಯುತ್ತನ್ನೂ ಬಿಡುತ್ತದೆ. ಬುಡದಿಂದ ಹೊದಿಕೆಗೆ ಅಳೆದರೆ ಕೆಲವೇ ಮಿಲಿಓಮ್ ಬರಬೇಕು. ಸಾದಾ ಮಲ್ಟಿಮೀಟರ್ ಅಷ್ಟು ಸಣ್ಣದನ್ನು ನಂಬಿಕೆಯಿಂದ ತೋರಿಸುವುದಿಲ್ಲ, ಮಿಲಿಓಮ್ ಮೀಟರ್ ಎರವಲು ತನ್ನಿ.

ಸೀಲಂಟ್ ಹಚ್ಚುವುದು ಬುಡದ ಸುತ್ತಲಿನ ಅಂಚಿಗೆ, ಅಡಿಗಲ್ಲ. ಅಡಿಗೆ ಹಚ್ಚಿದರೆ ಇಷ್ಟು ಹೊತ್ತು ತಿಕ್ಕಿದ್ದೆಲ್ಲ ದಂಡ. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಒಣಗುವಾಗ ಅದು ಬಿಡುವ ಆಮ್ಲ ಅಲ್ಯೂಮಿನಿಯಂ ತಿನ್ನುತ್ತದೆ. ವಿಮಾನಕ್ಕೆಂದೇ ಬರುವ ಪಾಲಿಸಲ್ಫೈಡ್ ಸೀಲಂಟ್ ತನ್ನಿ.

ಬಿಗಿದಾಯಿತೇ? ಈಗ ಎಳೆದು ನೋಡಿ. ಆ್ಯಂಟೆನಾದ ತೂಕದ 100 ಪಟ್ಟು ಬಲವನ್ನು ಬುಡದಲ್ಲಿ, ವಿಮಾನದ ಉದ್ದಕ್ಕೆ ಹಾಕಿದರೂ ತಡೆಯಬೇಕು ಎಂಬುದು ರೂಢಿಯ ಅಳತೆ. ಆ್ಯಂಟೆನಾ 150 ಗ್ರಾಂ ಇದ್ದರೆ 15 ಕಿಲೋ. ಬುಡಕ್ಕೆ ಒಂದು ಬೆಲ್ಟ್ ಸುತ್ತಿ, ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಮೆಲ್ಲಗೆ ಮೂಗಿನ ಕಡೆಗೆ ಎಳೆಯಿರಿ. ಕಡ್ಡಿಯ ತುದಿ ಹಿಡಿದು ಎಳೆಯಬೇಡಿ. ತಗಡು ಉಬ್ಬಿದರೆ ಡಬ್ಲರ್ ಸಾಲದು ಎಂದೇ ಅರ್ಥ.

ನಾಲ್ಕನೇ ಹಂತ: ಕೇಬಲ್

ಕೇಬಲ್ ಅಂದರೆ ಎಲ್ಲರಿಗೂ ಸಸಾರ. ಆದರೆ ಅಪಘಾತದಲ್ಲಿ ಮೊದಲು ಕೈಕೊಡುವ ಜಾಗಗಳಲ್ಲಿ ಇದೂ ಒಂದು. 2015ರಲ್ಲಿ ನಾಸಾ ತನ್ನ ಲ್ಯಾಂಗ್ಲಿ ಕೇಂದ್ರದಲ್ಲಿ ಮೂರು ಸೆಸ್ನಾ 172 ವಿಮಾನಗಳನ್ನು ಬೇಕೆಂದೇ ಎತ್ತರದಿಂದ ಬೀಳಿಸಿತು. ಇಎಲ್‌ಟಿಗಳು ಯಾಕೆ ಕೈಕೊಡುತ್ತವೆ ಅಂತ ನೋಡುವುದಕ್ಕೇ. ಬೀಳುವಾಗ ಒಡಲು ಹಿಗ್ಗುತ್ತದೆ, ತಿರುಚುತ್ತದೆ. ಬಿಗಿಯಾಗಿ ಎಳೆದು ಕಟ್ಟಿದ ಕೇಬಲ್ ಕನೆಕ್ಟರಿನಿಂದ ಕಿತ್ತು ಬರುತ್ತದೆ.

ಹಾಗಾಗಿ ಎರಡೂ ತುದಿಯಲ್ಲಿ ಒಂದೊಂದು ಸುತ್ತು ಸಡಿಲ ಬಿಡಿ. ಸುತ್ತಿನ ಬಾಗು 5 ಸೆಂ.ಮೀ. ತ್ರಿಜ್ಯಕ್ಕಿಂತ ಕಿರಿದಾಗಬಾರದು. ಕೇಬಲ್ ಆದಷ್ಟು ಗಿಡ್ಡ, ಒಂದೂವರೆ ಎರಡು ಮೀಟರ್ ಒಳಗೆ. ಫ್ಯೂಸೆಲಾಜಿನ ಭಾಗಗಳನ್ನು ಜೋಡಿಸಿದ ಕೀಲನ್ನು ಅದು ದಾಟಬಾರದು. ಬಾಲದ ತುಂಡು ಬೇರೆಯಾಗಿ ಬಂದು ಮುಂಭಾಗಕ್ಕೆ ಸೇರಿದ ವಿಮಾನವಾದರೆ ಡಬ್ಬಿ, ಆ್ಯಂಟೆನಾ ಎರಡೂ ಕೀಲಿನ ಒಂದೇ ಬದಿಗಿರಲಿ. ಮುರಿಯುವುದು ಅಲ್ಲೇ ತಾನೆ?

ಕೇಬಲ್ ಜಾತಿಯಲ್ಲಿ ಆರ್‌ಜಿ-400 ಒಳ್ಳೆಯದು. ಇದರ ಒಳಪದರ ಟೆಫ್ಲಾನ್, ಮೇಲೆ ಬೆಳ್ಳಿ ಲೇಪಿಸಿದ ಎರಡು ಹೆಣಿಗೆ. ಹಳೆಯ ಆರ್‌ಜಿ-58ರ ಒಳಪದರ ಪಾಲಿಎಥಿಲೀನ್. ಬೆಂಕಿ ಹತ್ತಿರ ಬಂದರೆ ಬೇಗ ಕರಗಿ, ನಡುವಿನ ತಂತಿ ಹೆಣಿಗೆಗೆ ತಾಗಿಬಿಡುತ್ತದೆ. ಇಷ್ಟು ಗಿಡ್ಡ ಓಟದಲ್ಲಿ ನಷ್ಟದ ವ್ಯತ್ಯಾಸ ದೊಡ್ಡದಲ್ಲ, ಬೆಂಕಿಯದ್ದು ದೊಡ್ಡದು. ಮೇಲೆ ಒಂದು ಫೈರ್‌ಸ್ಲೀವ್ ಹಾಕಿದರೆ ಇನ್ನೂ ಸ್ವಲ್ಪ ಹೊತ್ತು ತಡೆಯುತ್ತದೆ. ಡಬ್ಬಿಯ ಜೊತೆಗೇ ಕೇಬಲ್ ಬಂದಿದ್ದು, ಅದನ್ನೇ ಹಾಕಬೇಕೆಂದು ಮ್ಯಾನುಯಲ್ ಹೇಳಿದರೆ ಅದನ್ನೇ ಹಾಕಿ, ಕತ್ತರಿಸಬೇಡಿ.

ಬಿಎನ್‌ಸಿ ಕನೆಕ್ಟರ್ ನೀವೇ ಕ್ರಿಂಪ್ ಮಾಡುವುದಾದರೆ ಭೂತಗನ್ನಡಿ ಹತ್ತಿರ ಇಟ್ಟುಕೊಳ್ಳಿ. ಸಿಪ್ಪೆ ಸುಲಿದಾಗ ಹೆಣಿಗೆಯ ಕೂದಲಿನಂಥ ಒಂದೇ ಒಂದು ಎಳೆ ಒಳಕ್ಕೆ ಮಡಚಿಕೊಂಡು ನಡುಪಿನ್ನಿಗೆ ತಾಗಿದರೂ ಕತೆ ಮುಗಿಯಿತು. ಪಿನ್ ಕೂರಿಸಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ. ಹೆಣಿಗೆಯನ್ನು ಹಿಡಿಯುವ ಲೋಹದ ಬಳೆ, ಅಂದರೆ ಫೆರೂಲನ್ನು ಅದಕ್ಕೆ ಹೊಂದುವ ಡೈಯಿಂದಲೇ ಒತ್ತಿ, ಇಕ್ಕಳದಿಂದ ಅಲ್ಲ. ಆಮೇಲೆ ಕೇಬಲ್ ಎರಡೂ ತುದಿ ಬಿಡಿಸಿಟ್ಟು ಮೀಟರ್ ಹಿಡಿಯಿರಿ: ನಡುವಿನಿಂದ ನಡುವಿಗೆ ಸೊನ್ನೆ ಓಮ್ ಬರಬೇಕು, ನಡುವಿನಿಂದ ಹೆಣಿಗೆಗೆ ಸಂಪರ್ಕವೇ ಇರಬಾರದು. ಹಿಡಿದು ಅಲ್ಲಾಡಿಸಿದಾಗಲೂ ಅಂಕಿ ಕದಲಬಾರದು. ಆ್ಯಂಟೆನಾ ಸಿಕ್ಕಿಸಿಕೊಂಡೇ ಅಳೆಯಬೇಡಿ. ಕೆಲವು ಆ್ಯಂಟೆನಾಗಳ ಬುಡದಲ್ಲಿ ಸುರುಳಿ ಇರುತ್ತದೆ, ಮೀಟರಿಗೆ ಅದು ಶಾರ್ಟ್ ಆದಂತೆ ಕಾಣುತ್ತದೆ.

ಡಬ್ಬಿಯ ಬಗ್ಗೆ ಎರಡೇ ಮಾತು

ಬಾಣದ ಗುರುತು ಮೂಗಿನ ಕಡೆ. ಮುಂದಕ್ಕೆ ಬಡಿದಾಗ ಎಚ್ಚರವಾಗುವ ಜಿ-ಸ್ವಿಚ್ ಅದನ್ನೇ ನಂಬಿದೆ. ಡಬ್ಬಿಯ ಪೀಠ 100 ಜಿ, ಅಂದರೆ ಗುರುತ್ವದ 100 ಪಟ್ಟು ಏಟು ತಡೆಯಬೇಕು. ಜೊತೆಗೆ, ಹೆಚ್ಚು ಬಳುಕುವ ದಿಕ್ಕಿನಲ್ಲಿ ಸುಮಾರು 45 ಕಿಲೋ ಬಲ ಹಾಕಿದರೂ 2.5 ಮಿ.ಮೀ.ಗಿಂತ ಜಾಸ್ತಿ ಕದಲಬಾರದು. ತೆಳು ತಗಡಿನ ನೆಲದ ಮೇಲೆ ಈ ಪರೀಕ್ಷೆ ಪಾಸಾಗುವುದಿಲ್ಲ, ಗಟ್ಟಿ ರಿಬ್‌ಗೆ ಕಟ್ಟಬೇಕು. ಕಿತ್ತು ಅಂಟುವ ವೆಲ್ಕ್ರೋ ಪಟ್ಟಿ ಇರುವ ಹಳೆಯ ತಟ್ಟೆ ಸಿಕ್ಕಿದ್ದರೆ, ಲೋಹದ ಪಟ್ಟಿಯದ್ದು ಸಿಗುತ್ತದೆಯೇ ನೋಡಿ. ಅಲಾಸ್ಕಾದಲ್ಲಿ ಡಬ್ಬಿ ಹಾರಿಹೋದದ್ದು ಅಂಥ ಪಟ್ಟಿಯಿಂದಲೇ. ಆಮೇಲೆ ಹೊಸ ಮಾದರಿಗಳಿಗೆ ಅದು ಬೇಡ ಎಂದು ಅಮೆರಿಕದ ಮಾನದಂಡವೇ ಬದಲಾಯಿತು.

ಐದನೇ ಹಂತ: ಅಳೆದು ನೋಡುವುದು

ಡಬ್ಬಿಯ ಕಡೆಯ ಕನೆಕ್ಟರ್ ಬಿಡಿಸಿ, ಅಲ್ಲಿಗೆ ಆ್ಯಂಟೆನಾ ಅನಲೈಸರ್ ಸಿಕ್ಕಿಸಿ. ಕಡಿಮೆ ಬೆಲೆಯ ನ್ಯಾನೋವಿಎನ್‌ಎ ಸಾಕು, ಮೊದಲು ಕ್ಯಾಲಿಬ್ರೇಟ್ ಮಾಡಿ. ವಿಮಾನವನ್ನು ಹ್ಯಾಂಗರಿನಿಂದ ಹೊರಗೆ ತಳ್ಳಿ. ಒಳಗಿದ್ದರೆ ಮೇಲಿನ ತಗಡಿನ ಚಾವಣಿಯನ್ನೂ ಸೇರಿಸಿ ಅಳೆದಂತಾಗುತ್ತದೆ. ಜನ ದೂರ ನಿಲ್ಲಲಿ.

ನೋಡಬೇಕಾದದ್ದು ವಿಎಸ್‌ಡಬ್ಲ್ಯೂಆರ್, ಅಂದರೆ ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತಿದೆ ಎಂದು ತೋರಿಸುವ ಅಳತೆ. 121.5ರಲ್ಲಿ ಮತ್ತು 406ರಲ್ಲಿ ಅದು 2ರ ಒಳಗೆ ಬಂದರೆ ಸಂತೋಷ. 2 ಅಂದರೆ ಶಕ್ತಿಯ ಸುಮಾರು 11% ವಾಪಸ್ ಬರುತ್ತಿದೆ, 3 ಅಂದರೆ 25%. 406 ಚೆನ್ನಾಗಿದ್ದು 121.5 ಮಾತ್ರ ಕೆಟ್ಟಿದ್ದರೆ ಗ್ರೌಂಡ್ ಪ್ಲೇನ್ ಚಿಕ್ಕದಾಯಿತು ಅಥವಾ ಯಾವುದೋ ಪಟ್ಟಿ ಬಿಟ್ಟುಕೊಂಡಿದೆ ಎಂದು ಮೊದಲು ಅನುಮಾನಿಸಿ. ಎರಡೂ ಕೆಟ್ಟಿದ್ದರೆ ಕನೆಕ್ಟರ್ ಅಥವಾ ಬುಡದ ಸಂಪರ್ಕ. ಬುಡ ಹಿಡಿದು ಮೆಲ್ಲಗೆ ಅಲುಗಿಸಿದಾಗ ಗೆರೆ ಕುಣಿದರೆ ಕಳ್ಳ ಸಿಕ್ಕಿದ. ಇನ್ನೊಂದು ಸಂದರ್ಭ ಇದೆ, ಅದು ಜಾಸ್ತಿ ಅಪಾಯ: ಎಲ್ಲ ಫ್ರೀಕ್ವೆನ್ಸಿಯಲ್ಲೂ ಗೆರೆ ಚಪ್ಪಟೆಯಾಗಿ 1ರ ಹತ್ತಿರ. ಅಷ್ಟು ಒಳ್ಳೆಯ ಆ್ಯಂಟೆನಾ ಇರುವುದಿಲ್ಲ. ಶಕ್ತಿ ಎಲ್ಲೋ ನಡುವೆ ಶಾಖವಾಗಿ ಇಂಗುತ್ತಿದೆ, ಕೇಬಲ್ ಬದಲಾಯಿಸಿ.

ಇಷ್ಟಾದ ಮೇಲೆ ಡಬ್ಬಿಗೆ ಕೇಬಲ್ ಸಿಕ್ಕಿಸಿ. ಕೇಬಲ್ ಇಲ್ಲದೆ ಡಬ್ಬಿಯನ್ನು ಯಾವತ್ತೂ ಆನ್ ಮಾಡಬೇಡಿ. ಪರೀಕ್ಷೆಗೆ ‘ಸೆಲ್ಫ್ ಟೆಸ್ಟ್’ ಸ್ವಿಚ್ ಒತ್ತಿ. ಆಗ ಹೋಗುವ 406 ಸಂದೇಶದಲ್ಲಿ ಇದು ಪರೀಕ್ಷೆ ಎಂಬ ಗುರುತು ಇರುತ್ತದೆ, ಉಪಗ್ರಹ ವ್ಯವಸ್ಥೆ ಅದನ್ನು ಬಿಟ್ಟುಬಿಡುತ್ತದೆ. ಅಮೆರಿಕದಲ್ಲಿ 121.5ರ ಪರೀಕ್ಷೆಯನ್ನು ಪ್ರತಿ ಗಂಟೆಯ ಮೊದಲ 5 ನಿಮಿಷದಲ್ಲಿ ಮಾತ್ರ, ಮೂರು ಸಲ ದನಿ ಇಳಿಯುವಷ್ಟು ಹೊತ್ತು ಮಾಡಬಹುದು. ಬೇರೆ ದೇಶಗಳಲ್ಲಿ ನಿಯಮ ಬೇರೆ ಇರಬಹುದು, ಕೇಳಿಕೊಂಡು ಮಾಡಿ.

ಆ್ಯಂಟೆನಾದಿಂದ ನಿಜವಾಗಿ ಏನಾದರೂ ಹೊರಡುತ್ತಿದೆಯೇ ನೋಡಲು ಒಂದು ಹಳೆಯ ಉಪಾಯವಿದೆ. ಅಗ್ಗದ ಎಎಂ ರೇಡಿಯೋ ಒಂದನ್ನು ಕಡ್ಡಿಯಿಂದ 15 ಸೆಂ.ಮೀ. ದೂರದಲ್ಲಿ ಹಿಡಿಯಿರಿ. ಯಾವ ಸ್ಟೇಷನ್ ಮೇಲಿದ್ದರೂ ಸರಿ. ಪರೀಕ್ಷೆಯ ಹೊತ್ತಿಗೆ ಅದರಲ್ಲಿ ‘ವ್ಯೂಂ ವ್ಯೂಂ’ ಅಂತ ಮೇಲಿಂದ ಕೆಳಗೆ ಜಾರುವ ದನಿ ಕೇಳಬೇಕು. ರೇಡಿಯೋ ಕಳಪೆಯಾದಷ್ಟೂ ಒಳ್ಳೆಯದು. ವಿಮಾನದ ರೇಡಿಯೋದಲ್ಲಿ 121.5 ಕೇಳಿದರೆ ಸಾಲದೇ ಅಂದರೆ, ಸಾಲದು. ಅದು ಎಷ್ಟು ಸೂಕ್ಷ್ಮವೆಂದರೆ ಆ್ಯಂಟೆನಾ ಕಳಚಿದ್ದರೂ ಡಬ್ಬಿಯಿಂದ ಸೋರುವ ಅಲೆಯನ್ನೇ ಹಿಡಿದು ಕೂಗುತ್ತದೆ.

ಮೊದಲ 406 ಸಂದೇಶ ಹೋಗುವುದು 50 ಸೆಕೆಂಡ್ ಆದ ಮೇಲೆ ತಾನೆ, ಅಷ್ಟರೊಳಗೆ ಆರಿಸಿದರಾಯಿತು ಎಂದುಕೊಂಡು ‘ಆನ್’ ಮಾಡಿ ನೋಡುವ ಅಭ್ಯಾಸ ಕೆಲವರಿಗಿದೆ. ಬಿಡಿ ಅದನ್ನು. ಹೊಸ ಪೀಳಿಗೆಯ ಬೀಕನ್‌ಗಳು ಕೆಲವೇ ಸೆಕೆಂಡಿನಲ್ಲಿ ಶುರು ಮಾಡುತ್ತವೆ. ಅಕಸ್ಮಾತ್ ಆನ್ ಆಗಿಬಿಟ್ಟರೆ ಆರಿಸಿ, ಕೂಡಲೇ ಪಾರುಗಾಣಿಕಾ ಸಮನ್ವಯ ಕೇಂದ್ರಕ್ಕೆ ಫೋನ್ ಮಾಡಿ. ಅವರ ನಂಬರ್ ಮೊದಲೇ ಹ್ಯಾಂಗರಿನ ಗೋಡೆಯ ಮೇಲಿರಲಿ.

ಆರನೇ ಹಂತ: ಜಿಪಿಎಸ್ ಜೊತೆ ಜಗಳ

ಇದನ್ನು ಬಹಳ ಜನ ಮಾಡುವುದೇ ಇಲ್ಲ. ನಿಮ್ಮ ವಿಎಚ್‌ಎಫ್ ರೇಡಿಯೋ ಮಾತಾಡಿದಾಗ ಆ ಅಲೆ ಇಎಲ್‌ಟಿ ಆ್ಯಂಟೆನಾಕ್ಕೂ ನುಗ್ಗುತ್ತದೆ. ಡಬ್ಬಿಯ ಒಳಗಿನ ಬಿಡಿಭಾಗಗಳಲ್ಲಿ ಅದು ಕೆಟ್ಟು, ಹಾರ್ಮೋನಿಕ್‌ಗಳಾಗಿ, ಅಂದರೆ ಮೂಲ ಫ್ರೀಕ್ವೆನ್ಸಿಯ ಹಲವು ಪಟ್ಟಿನ ಅಲೆಗಳಾಗಿ, ಅದೇ ಕಡ್ಡಿಯಿಂದ ಮತ್ತೆ ಹೊರಗೆ ಬರಬಹುದು. ಜಿಪಿಎಸ್ ಕೆಲಸ ಮಾಡುವುದು 1575.42 ಮೆಗಾಹರ್ಟ್ಸ್‌ನಲ್ಲಿ. ಅದನ್ನು 13ರಿಂದ ಭಾಗಿಸಿ, 121.19ರ ಆಸುಪಾಸು. 12ರಿಂದ ಭಾಗಿಸಿ, 131.29. ಎರಡೂ ನಾವು ದಿನಾ ಬಳಸುವ ರೇಡಿಯೋ ಪಟ್ಟಿಯೊಳಗೇ ಬಂತು, ಅಲ್ವಾ?

ಹೊರಗೆ ಬಯಲಿನಲ್ಲಿ, ಜಿಪಿಎಸ್‌ಗೆ ಉಪಗ್ರಹಗಳು ಸಿಕ್ಕ ಮೇಲೆ, 121.150, 121.175, 121.200, 131.250, 131.275, 131.300 ಇವುಗಳಲ್ಲಿ ಒಂದೊಂದಾಗಿ ಅರ್ಧ ನಿಮಿಷದಷ್ಟು ಟ್ರಾನ್ಸ್‌ಮಿಟ್ ಬಟನ್ ಒತ್ತಿ ಹಿಡಿಯಿರಿ. ಆ ಚಾನೆಲ್ ನಿಮ್ಮಲ್ಲಿ ಯಾರಾದರೂ ಬಳಸುತ್ತಿದ್ದಾರೆಯೇ ಎಂದು ಮೊದಲು ಕೇಳಿಸಿಕೊಳ್ಳಿ. ಜಿಪಿಎಸ್ ಪರದೆಯ ಸಿಗ್ನಲ್ ಗೆರೆಗಳು ಕುಸಿದರೆ ಇಎಲ್‌ಟಿ ಕೇಬಲ್ ಕಳಚಿ ಮತ್ತೆ ನೋಡಿ. ಈಗ ಕುಸಿಯದಿದ್ದರೆ ತಪ್ಪು ಇಎಲ್‌ಟಿ ಕಡೆಯದ್ದೇ. ಆ್ಯಂಟೆನಾಗಳ ನಡುವಿನ ದೂರ ಹೆಚ್ಚಿಸಬೇಕು, ಇಲ್ಲವೇ ತಯಾರಕರು ಸೂಚಿಸುವ ಫಿಲ್ಟರ್ ಹಾಕಬೇಕು. ಬಣ್ಣ ಹಾಕುವ ಮೊದಲೇ ಈ ಪರೀಕ್ಷೆ ಮಾಡುವಂತಿದ್ದರೆ ಎಷ್ಟು ಚೆಂದ.

ಕಾಗದದ ಕೆಲಸ

406 ಬೀಕನ್‌ನಲ್ಲಿ ನಿಮ್ಮ ವಿಮಾನದ ಗುರುತನ್ನು ಕೋಡ್ ಮಾಡಿಸಬೇಕು, ಆ 15 ಅಕ್ಷರದ ಸಂಖ್ಯೆಯನ್ನು ನಿಮ್ಮ ದೇಶದ ನೋಂದಣಿಯಲ್ಲಿ ದಾಖಲಿಸಬೇಕು. ಅಂಥ ವ್ಯವಸ್ಥೆ ಇಲ್ಲದ ದೇಶಗಳಿಗೆ ಕೋಸ್ಪಾಸ್-ಸಾರ್ಸ್ಯಾಟ್‌ನ ಅಂತರರಾಷ್ಟ್ರೀಯ ಬೀಕನ್ ನೋಂದಣಿ ಇದೆ. ನೋಂದಣಿ ಇದ್ದರೆ ಸಂಕೇತ ಬಂದ ಕೂಡಲೇ ನಿಮ್ಮ ಮನೆಗೆ ಫೋನ್ ಹೋಗುತ್ತದೆ. ಫೋನ್ ನಂಬರ್ ಬದಲಾದರೆ ಅಲ್ಲಿಯೂ ಬದಲಾಯಿಸಿ, ಮತ್ತು ನಿಮ್ಮ ಜೊತೆ ವಿಮಾನದಲ್ಲಿ ಕೂರದವರ ನಂಬರನ್ನೇ ಕೊಡಿ.

ತೂಕ ಮತ್ತು ಸಮತೋಲನದ ಹಾಳೆಯಲ್ಲಿ ಡಬ್ಬಿ, ಕೇಬಲ್, ಆ್ಯಂಟೆನಾ ಮೂರರ ತೂಕ ಸೇರಿಸಿ. ಹಿಂದಕ್ಕೆ ಹಾಕಿದ ತೂಕ ಸಣ್ಣದಾದರೂ ಅದರ ತೋಳು, ಅಂದರೆ ಲೆಕ್ಕಕ್ಕೆ ಹಿಡಿಯುವ ದೂರ, ಉದ್ದ. ಲಾಗ್ ಪುಸ್ತಕದಲ್ಲಿ ಅಳೆದ ವಿಎಸ್‌ಡಬ್ಲ್ಯೂಆರ್ ಅಂಕಿಗಳನ್ನೂ ಬರೆದಿಡಿ. ವರ್ಷದ ತಪಾಸಣೆಯಲ್ಲಿ ಅದೇ ಜಾಗದಲ್ಲಿ ಮತ್ತೆ ಅಳೆದು ಹೋಲಿಸಿ. ಅಂಕಿ ಏರಿದ್ದರೆ ಮೊದಲು ಬುಡದ ಸೀಲಂಟ್ ಬಿಚ್ಚಿ ಅಡಿಯಲ್ಲಿ ಬಿಳಿ ಪುಡಿ ಕೂತಿದೆಯೇ ನೋಡಿ. ನೀರು ಇಳಿದು ಅಲ್ಯೂಮಿನಿಯಂ ಸವೆಯುತ್ತಿದೆ ಅನ್ನುವ ಗುರುತು ಅದು.